ಮಿಯೊ ಉಣ್ಣದ ದಿನಗಳು

ನೀರಿನೊಳಗಿನ ಜೀವವೊಂದರ ಕತೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಮಿಯೊ ಎಂಬ ಆ ಹೆಣ್ಣು ಓರ್ಕಾ ತಿಮಿಂಗಿಲ ಏನು ಅಂದುಕೊಂಡಿತೋ ನನಗೆ ತಿಳಿಯದು. ಕಾಜುಯೆ ಅಂದುಕೊಂಡದ್ದನ್ನಷ್ಟೇ ಹೇಳಬಲ್ಲೆ, ಅದೂ ತಪ್ಪಿಹೋದೀತೆಂಬ ಅಳುಕಿನಲ್ಲಿ.

ಮಿನೆಗಿಶಿ ಕಾಜುಯೆ ಬಂದರಿನ ಪಕ್ಕದ ಅಕ್ವೇರಿಯಮ್ಮಿನಲ್ಲಿ ಮಿಯೊವಿನ ತರಬೇತುದಾರಳು. ಆ ವರ್ಷ ದೊಡ್ಡ ಕೊಳದ ಗೋಡೆ ಬಿರುಕು ಬಿಟ್ಟಿತು. ದುರಸ್ತಿ ಸಾಧ್ಯವಿಲ್ಲವೆಂದು ಎಂಜಿನಿಯರುಗಳು ಕೈಚೆಲ್ಲಿದರು. ಮಿಯೊವನ್ನು ಉತ್ತರದ ಇನ್ನೊಂದು ಅಕ್ವೇರಿಯಮ್ಮಿಗೆ ಸಾಗಿಸುವುದೆಂದು ತೀರ್ಮಾನವಾಯಿತು.

ಬಲೆ ಬೀಸಿ ಹಿಡಿಯುವುದು ಬೇಡವೆಂದು ಹಟ ಹಿಡಿದವಳು ಕಾಜುಯೆಯೇ. ಬೇಸಿಗೆಯಿಡೀ ಕೂತು ಕಲಿಸಿದಳು. ನೀರಿನ ಮೇಲೆ ಅಂಗೈ ತಟ್ಟಿದರೆ ಮಿಯೊ ತಾನಾಗಿ ತೇಲಿ ಬಂದು, ದಪ್ಪ ಬಟ್ಟೆಯ ಜೋಲಿಯೊಳಗೆ ಮಲಗಬೇಕು. ಮಲಗಿದರೆ ಸೀಟಿ, ಸೀಟಿಯ ಬೆನ್ನಿಗೇ ಬಂಗುಡೆ. ಮಿಯೊಗೆ ಅದೊಂದು ಆಟವಾಯಿತು. ಹೊರಡುವ ದಿನವೂ ಅಂಗೈ ತಟ್ಟಿದ ಕೂಡಲೇ ಬಂದು ಮಲಗಿತು. ಕ್ರೇನು ಎತ್ತಿತು. ನೀರು ಸೋರಿಹೋಗುತ್ತಿದ್ದಂತೆ ಅದರ ಮೈಭಾರವೆಲ್ಲ ಅದರ ಮೇಲೇ ಬಿತ್ತು. ಆದರೂ ಒದ್ದಾಡಲಿಲ್ಲ. ಸುತ್ತ ನಿಂತವರು ಮೆಲ್ಲನೆ ಚಪ್ಪಾಳೆ ತಟ್ಟಿದರು. ಕಾಜುಯೆಗೆ, ಆಟವೆಂದು ನಂಬಿಸಿ ತಾನು ಮಾಡಿದ ಕಳ್ಳತನವನ್ನು ಯಾರೋ ಹೊಗಳಿದ ಹಾಗಾಯಿತು.

ಲಾರಿಯ ಮೇಲಿನ ತೊಟ್ಟಿಯಲ್ಲಿ, ಮಂಜುಗಡ್ಡೆ ಸುರಿದ ನೀರಿನಲ್ಲಿ ನಿಂತು, ದಾರಿಯುದ್ದಕ್ಕೂ ಅದರ ಬೆನ್ನಿಗೆ ನೀರು ಹೊಯ್ದಳು. ಪ್ರಯಾಣ ಮುಗಿಯುವವರೆಗೆ ಹೊಟ್ಟೆ ಖಾಲಿಯಿರಬೇಕೆಂಬುದು ನಿಯಮ. ಮಿಯೊ ಆಗಾಗ ಕೀರಲು ದನಿಯಲ್ಲಿ ಕೂಗಿ ಬಾಯಿ ತೆರೆಯುತ್ತಿತ್ತು. ಸೀಟಿ ಊದಿದರೆ ಮೀನು ಕೊಡಬೇಕು, ಕೊಡದೆ ಊದಿದರೆ ಅದು ಸುಳ್ಳು. ಅವಳು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡಳು.

ಉತ್ತರದಲ್ಲಿ ಮಿಯೊವನ್ನು ವಹಿಸಿಕೊಂಡವನು ತ್ಸುಕುದ. ಅವಳ ಕೈಕೆಳಗೇ ಕೆಲಸ ಕಲಿತವನು. ಹೊಸ ಕೈಗೆ ಒಗ್ಗಬೇಕಾದರೆ ಹಳೆಯ ಮುಖ ಕಾಣಬಾರದೆಂದು ಕಾಜುಯೆ ಅಂದೇ ಊರಿಗೆ ಮರಳಿದಳು.

ಕೆಲವು ದಿನಗಳಲ್ಲೇ ಅವನ ಫೋನು ಬಂತು. ಮಿಯೊ ಮೂಲೆ ಸೇರಿದೆ, ಮೀನು ಮೂಸಿಯೂ ನೋಡುತ್ತಿಲ್ಲ ಎಂದ. ತಾನು ಹೊರಟು ಬರುತ್ತೇನೆಂದಳು ಕಾಜುಯೆ. ಅವನು ತಡೆದ.

“ಬನ್ನಿ ಅನ್ನೋಕೆ ನಂಗೇನು ಕಷ್ಟ ಇಲ್ಲ, ಕಾಜುಯೆ-ಸಾನ್. ಆದ್ರೆ ಊಟ ಬಿಟ್ರೆ ನೀವು ಬರ್ತೀರ ಅಂತ ಅವಳು ಕಲಿತ್ಬಿಟ್ರೆ? ನೀವು ಹೋದ್ಮೇಲೆ ಮತ್ತೆ ಬಿಡ್ತಾಳೆ. ಇದನ್ನ ನಂಗೆ ಹೇಳ್ಕೊಟ್ಟಿದ್ದು ನೀವೇ.”

ಹೌದು, ಅವಳೇ ಹೇಳಿಕೊಟ್ಟದ್ದು. ಅವನು ಹೊಸಬನಾಗಿದ್ದಾಗ, ಮುನಿಸಿಕೊಂಡ ಡಾಲ್ಫಿನ್ನಿಗೆ ಕನಿಕರಪಟ್ಟು ಮೀನು ಎಸೆದಿದ್ದ. ಅಯ್ಯೋ ಪಾಪ ಅನ್ನುವುದು ನಿನ್ನ ಹೊಟ್ಟೆ ತಣ್ಣಗಾಗಲಿಕ್ಕೆ, ಅದರ ಹೊಟ್ಟೆಗಲ್ಲ ಎಂದು ಎಲ್ಲರೆದುರು ಚುಚ್ಚಿದ್ದಳು.

ಫೋನಿನ ಮಾತನ್ನೆಲ್ಲ ಅವಳಿಂದ ಕೇಳಿ, ಮಿಯೊವನ್ನು ಮರಿಯಿಂದ ನೋಡಿಕೊಂಡಿದ್ದ ಪಶುವೈದ್ಯ ಒರಿಕಾಸ ರೇಗಿದರು.

“ಪಾಠ ಆಮೇಲೆ ಆಗ್ಲಿ. ಅವಳಿಗೆ ನೀರು ಸಿಗೋದೂ ಮೀನಿಂದಲೇ. ನೀವಿಬ್ರೂ ನಿಯಮ ಹಿಡ್ಕೊಂಡು ಕೂತ್ರೆ ಒಣಗಿ ಹೋಗ್ತಾಳೆ ಅಷ್ಟೆ.”

ಇಬ್ಬರ ಮಾತೂ ಸರಿ ಅನ್ನಿಸಿತು. ಕಾಜುಯೆಗೆ ಕೂತಲ್ಲಿ ಕೂರಲಾಗಲಿಲ್ಲ, ರೈಲು ಹತ್ತಿದಳು. ಕೊಳದ ಬಳಿಗೆ ಬಿಡು ಎಂದು ಅವಳು ಕೇಳಲಿಲ್ಲ, ಬನ್ನಿ ಎಂದು ತ್ಸುಕುದನೂ ಅನ್ನಲಿಲ್ಲ. ಗೋಡೆಯೀಚೆ ಮೀನು ಹೆಚ್ಚುವ ಕೋಣೆಯಿತ್ತು. ಅಲ್ಲಿ ಒಂದು ಏಪ್ರನ್ನು ಕೊಟ್ಟರು. ಕೋಣೆಯ ಯಜಮಾನಿ ಓಗುರಿ ಎಂಬ ಹೆಂಗಸು ಅವಳ ಕೈಕೆಲಸವನ್ನು ಓರೆಗಣ್ಣಿನಲ್ಲಿ ನೋಡಿದಳು.

“ತಲೆ ಜೊತೆ ಅರ್ಧ ಮೀನೇ ಹೋಗ್ತಿದೆ. ಅಲ್ಲಿ ಸೀಟಿ ಊದ್ಕೊಂಡೇ ಕಾಲ ಕಳೆದ್ರಾ ಹೇಗೆ, ಗುರುಗಳೇ?”

ಕಾಜುಯೆ ನಗಲು ನೋಡಿದಳು. ಗೋಡೆಯಾಚೆ ಮಿಯೊ ಉಸಿರು ಬಿಡುವ ಸದ್ದು ಕೇಳುತ್ತಿತ್ತು, ಬುಸ್ಸೆಂದು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ತನ್ನ ದನಿ ಆಚೆ ದಾಟೀತೆಂದು ಓಗುರಿಗೆ ಬರೀ ತಲೆಯಾಡಿಸಿ ಉತ್ತರ ಕೊಡುತ್ತಿದ್ದಳು. ಒಂದು ಮಾತಾಡಿದರೆ ಸಾಕಿತ್ತೇನೋ. ಮಾತಾಡಿದರೆ ಎಲ್ಲ ಕೆಡುತ್ತಿತ್ತೇನೋ. ಕೈ ಮಾತ್ರ ಬಂಗುಡೆ ಸೀಳುತ್ತ ಹೋಯಿತು.

ಮರುದಿನ ಮಧ್ಯಾಹ್ನ ತ್ಸುಕುದ ಖಾಲಿ ಬಕೆಟ್ಟು ಹಿಡಿದು ಒಳಗೆ ಬಂದು, ಮೀನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ.

“ತಿಂದ್ಲು. ಮೊದ್ಲು ಒಂದೇ ಒಂದು. ಆಮೇಲೆ ಬಕೆಟ್ಟು ಪೂರ್ತಿ.”

ಓಗುರಿ ಮುಖ ತಿರುಗಿಸಿ ಮೂಗೊರೆಸಿಕೊಂಡಳು. ಕಾಜುಯೆಯ ಕಾಲು ಬಾಗಿಲಿನತ್ತ ಎರಡು ಹೆಜ್ಜೆ ಹೋಯಿತು, ಅಲ್ಲೇ ನಿಂತಿತು. ತ್ಸುಕುದ ನೆಲ ನೋಡುತ್ತ ಹೇಳಿದ:

“ಒಂದ್ಸಲ ನೋಡ್ಕೊಂಡು ಹೋಗಿ ಅನ್ಬೇಕು ನಾನು.”

“ಅನ್ಬೇಡ,” ಅಂದಳು ಕಾಜುಯೆ.

ಕೈ ತೊಳೆದುಕೊಂಡು, ಮೀನಿನ ಲಾರಿಗಳು ಬರುವ ಹಿಂದಿನ ಗೇಟಿನಿಂದ ಹೊರಬಿದ್ದಳು.

ಗೋಡೆಯಾಚೆ ಅವಳಿದ್ದದ್ದು ಮಿಯೊಗೆ ತಿಳಿದಿತ್ತೋ, ಬರೀ ಹಸಿವು ತಡೆಯದೆ ಬಾಯಿ ತೆರೆಯಿತೋ ನನಗೆ ಗೊತ್ತಿಲ್ಲ. ಮಿಯೊ ಈಗಲೂ ಅಲ್ಲೇ ಇದೆ. ಕಾಜುಯೆ ಮತ್ತೆ ಹೋಗಿಲ್ಲ. ಹೋದರೆ ಅದು ಗುರುತು ಹಿಡಿಯುತ್ತದೆಯೇ ಎಂಬುದೂ ಗೊತ್ತಿಲ್ಲ.