ಗೋಡೆಗೆ ಜ್ವರ

ಅಮ್ಮ ಮೊದಲ ಗಂಟಿನ ಬಟ್ಟೆ ಮುಗಿಸಿ ಟೀ ಇಡಲು ಅಡುಗೆಮನೆಗೆ ಹೋದ ಕೂಡಲೇ ಮಗಳು ಹಾಲ್‌ನ ಮೂಲೆಗೆ ಹೋಗಿ, ಪ್ಲಗ್ ಪಾಯಿಂಟಿನಿಂದ ಒಂದು ಗೇಣು ಮೇಲೆ ಗೋಡೆಗೆ ಅಂಗೈ ಇಡುತ್ತಿದ್ದಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಮೊದಮೊದಲು ಬೆಚ್ಚಗಿರುತ್ತಿದ್ದ ಗೋಡೆ ಈಗೀಗ ಕೈ ಹಿಂದಕ್ಕೆಳೆದುಕೊಳ್ಳುವಷ್ಟು ಸುಡುತ್ತಿತ್ತು. ಇದು ಎಂದಾದರೂ ಹೊತ್ತಿಕೊಂಡರೆ, ಗೊತ್ತಿದ್ದೂ ಸುಮ್ಮನಿದ್ದವಳು ನಾನೇ ಆಗುತ್ತೇನಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಡಿಗ್ರಿ ಮುಗಿಸಿದ್ದರೂ ಸಂದರ್ಶನಕ್ಕೆ ಹೋದಲ್ಲೆಲ್ಲ ತನ್ನ ಹೆಸರು ಹೇಳುವಷ್ಟರಲ್ಲೇ ಗಂಟಲು ಒಣಗಿಸಿಕೊಂಡು ಬರುವ ಹುಡುಗಿ ಅವಳು.

ಆ ಪ್ಲಗ್ ಪಾಯಿಂಟಿನ ಮುಖ ಅಡ್ಡಡ್ಡ ಸೀಳಿತ್ತು. ತೂತುಗಳ ಸುತ್ತ ಕಾಡಿಗೆ ತೀಡಿದಂತೆ ಕಪ್ಪು. ಸೀಳಿದ ಕಡೆ ಅಮ್ಮ ಟೇಪ್ ಸುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಓರೆಯಾಗಿ ಸಿಕ್ಕಿಸಿ, ಜಾರದಂತೆ ಅದರ ಕೆಳಗೆ ಮಡಚಿದ ರಟ್ಟು ತುರುಕುತ್ತಿದ್ದಳು. "ನಾನು ಸಿಕ್ಕಿಸಿದ್ರೆ ಮಾತ್ರ ಬರುತ್ತೆ. ನನ್ನ ಕೈ ಗುರುತು ಅದಕ್ಕೆ," ಎಂದು ಹೆಮ್ಮೆ ಬೇರೆ.

ಬೀದಿಯ ಅರ್ಧದಷ್ಟು ಮನೆಗಳ ಬಟ್ಟೆ ಅಮ್ಮನ ಕೈಯಲ್ಲೇ ಇಸ್ತ್ರಿಯಾಗುತ್ತಿತ್ತು, ಅದೂ ಗುಟ್ಟಾಗಿ. ಮಹಡಿಯಲ್ಲಿದ್ದ ಮನೆ ಯಜಮಾನರು ಬಾಡಿಗೆಗೆ ಕೊಡುವ ದಿನವೇ ಹೇಳಿದ್ದರು: "ಮನೆ ಮನೆಯಾಗೇ ಇರಲಿ, ಅಂಗಡಿ ಮಾಡಬೇಡಿ. ಗೋಡೆಗೆ ಒಂದು ಮೊಳೆ ಹೊಡೆದ್ರೂ ನನಗಾಗಲ್ಲ." ಅಂದಿನಿಂದ ಗಂಟುಗಳು ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗುತ್ತಿದ್ದವು. ಯಜಮಾನರ ಸೊಸೆಯೂ ಮಾವನ ಅಂಗಿಗಳನ್ನು ಸೆರಗಿನ ಮರೆಯಲ್ಲಿ ತಂದುಕೊಟ್ಟು ಹೋಗುತ್ತಿದ್ದಳು. ತಮ್ಮ ಅಂಗಿಯ ಗರಿಮುರಿ ಮಡಿಕೆ ಯಾರ ಮನೆಯದೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಒಂದು ದಿನ ಮಗಳು ಧೈರ್ಯ ಮಾಡಿದಳು. "ಅಮ್ಮ, ಗೋಡೆ ತುಂಬಾ ಬಿಸಿ ಇದೆ."

"ಇಸ್ತ್ರಿ ಮಾಡೋ ಮನೆ ಮತ್ತೆ ತಣ್ಣಗಿರುತ್ತಾ?" ಅಮ್ಮ ಬಿಳಿ ಕೋಟಿನ ಮೇಲೆ ನೀರು ಚಿಮುಕಿಸಿದಳು. ಸಂಜೆಯೊಳಗೆ ಆಸ್ಪತ್ರೆಯ ನರ್ಸುಗಳ ಕೋಟು ಮುಗಿಸಬೇಕಿತ್ತು.

"ಓನರ್ ಅಂಕಲ್‌ಗೆ ಹೇಳಿದ್ರೆ..."

"ಹೇಳು, ಹೋಗು. ಹೇಗೆ ಸುಟ್ಟಿತು ಅಂತ ಕೇಳ್ತಾರೆ. ಇಸ್ತ್ರಿ ಅಂತೀಯ. ಯಾರ ಬಟ್ಟೆ ಅಂತಾರೆ. ಆಮೇಲೆ ನೀನೂ ನಾನೂ ಗಂಟುಮೂಟೆ ಕಟ್ಕೊಂಡು ಬೀದಿ ಬೀದಿ ಮನೆ ಹುಡುಕೋಣ. ಹಾಲ್‌ನಲ್ಲಿ ಇಷ್ಟು ಜಾಗ, ಹಿಂದೆ ಒಂದು ಬಾಗಿಲು, ಎಲ್ಲಿ ಸಿಗುತ್ತೆ? ನಿನ್ನ ಅಪ್ಪ ಹೋದ ಮೇಲೆ ನಾವು ಅನ್ನ ತಿಂದಿದ್ದು ಈ ಮೂಲೆಯಿಂದ ಕಣೇ."

ಅದೂ ಸುಳ್ಳಲ್ಲ. ಅವಳ ಕಾಲೇಜು ಫೀಸು ಹುಟ್ಟಿದ್ದೂ ಆ ಮೂಲೆಯಲ್ಲೇ.

ಸ್ವಲ್ಪ ಹೊತ್ತಿಗೆ ಮೂಲೆಯಿಂದ ಚಟಚಟ ಸದ್ದು ಬಂತು. ಬಾಚಣಿಗೆ ಒಲೆಗೆ ಬಿದ್ದಂಥ ವಾಸನೆ. ಅಮ್ಮ ನೀರು ಚಿಮುಕಿಸಿದ ಒದ್ದೆ ಕೈಯಲ್ಲೇ ಪ್ಲಗ್ಗಿನ ಕಡೆ ಬಾಗಿದಳು. "ಏನಿಲ್ಲ, ರಟ್ಟು ಜಾರಿದೆ ಅಷ್ಟೇ—" ಅನ್ನುವಷ್ಟರಲ್ಲಿ ನೀಲಿ ಕಿಡಿ ಹಾರಿತು. ಯಾರೋ ತಳ್ಳಿದ ಹಾಗೆ ಅಮ್ಮ ಹಿಂದಕ್ಕೆ ಬಿದ್ದು, ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಳು.

"ಅಮ್ಮಾ!"

"ಏನೂ ಆಗಿಲ್ಲ. ಮೊಣಕೈವರೆಗೆ ಜುಮ್ ಅಂತು ಅಷ್ಟೇ." ಅಮ್ಮ ನಕ್ಕಳು. ಆದರೆ ಮಡಿಲಲ್ಲಿದ್ದ ಕೈ ನಡುಗುತ್ತಲೇ ಇತ್ತು. ಅದನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಳು.

ಹುಡುಗಿ ಪ್ಲಗ್ಗಿನ ಹತ್ತಿರ ಹೋಗಲಿಲ್ಲ. ಹೊರಗೆ ಓಡಿ, ಮೆಟ್ಟಿಲ ಕೆಳಗಿದ್ದ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಒಳಗೆ ಫ್ಯಾನು ನಿಧಾನವಾಗಿ ನಿಂತಿತು.

"ಅಯ್ಯೋ, ಹಾಕೇ ಅದನ್ನ! ಕೋಟು ಇನ್ನೂ ಅರ್ಧಾನೂ ಆಗಿಲ್ಲ!" ಅಮ್ಮ ಒಳಗಿನಿಂದ ಕೂಗಿದಳು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅಮ್ಮನಿಗೆ ಅದು ಕಾಣುವಂತಿರಲಿಲ್ಲ. ಸ್ವಿಚ್ಚಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು.

ಕೂಗು ಕೇಳಿ ಯಜಮಾನರು ಮೆಟ್ಟಿಲಿಳಿದು ಬಂದರು. "ಏನು ಮಗು, ಕರೆಂಟ್ ಹೋಯ್ತಾ? ನಮ್ಮಲ್ಲಿ ಇದೆಯಲ್ಲ."

ಅವಳು ಬಾಗಿಲ ಕಡೆ ಕೈ ತೋರಿಸಿದಳು. ಅವರು ಒಳಗೆ ಬರುವಷ್ಟರಲ್ಲಿ ಅಮ್ಮ ಬಟ್ಟೆ ರಾಶಿಯ ಮೇಲೆ ಹಾಸಿಗೆಯ ಹೊದಿಕೆ ಎಳೆದಾಗಿತ್ತು. ಮೂಲೆಯಿಂದ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು.

"ಕೈಗೆ ಕರೆಂಟ್ ಹೊಡೀತಾ? ನಿಮ್ಮ ಮುಖ ನೋಡಿ ಹೇಗೆ ಬಿಳಿಚಿಕೊಂಡಿದೆ! ಮೊದಲು ಕೂತ್ಕೊಳ್ಳಿ ತಂಗಿ. ಯಾರೂ ಅದನ್ನ ಮುಟ್ಟಬೇಡಿ," ಎಂದು ಯಜಮಾನರು ಅಲ್ಲಿಂದಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಮೊಳೆಯ ವಿಷಯಕ್ಕೆ ಮುಖ ಗಂಟಿಕ್ಕುತ್ತಿದ್ದ ಮನುಷ್ಯ, ಅಮ್ಮನಿಗೆ ನೀರು ತರಲು ತಾವೇ ಅಡುಗೆಮನೆಗೆ ಹೋದರು.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದ. ಮೇನ್ ಆಫ್ ಆಗಿದೆಯೇ ಎಂದು ಹೋಗಿ ನೋಡಿ ಬಂದು, ಟೆಸ್ಟರ್ ಇಟ್ಟು ಮತ್ತೊಮ್ಮೆ ಖಾತ್ರಿ ಮಾಡಿಕೊಂಡ. ಸ್ಕ್ರೂ ಬಿಚ್ಚಿದರೆ ಪ್ಲೇಟಿನ ಹಿಂದೆಲ್ಲ ಇದ್ದಿಲು.

"ಎಷ್ಟು ದಿನದಿಂದ ಬಿಸಿ ಆಗ್ತಿತ್ತಕ್ಕ?"

"ಇವತ್ತೇ," ಅಂದಳು ಅಮ್ಮ, ಥಟ್ಟನೆ. "ಯಾವಾಗಲೋ ಒಮ್ಮೆ ಮಗಳ ಬಟ್ಟೆಗೆ ಇಸ್ತ್ರಿ ಹಾಕ್ತೀನಿ, ಅಷ್ಟೇ."

"ಹಾಗಾದ್ರೆ ವೈರಿನ ತುದಿ ಕತ್ತರಿಸಿ ಹೊಸ ಪ್ಲೇಟ್ ಹಾಕಿದ್ರೆ ಸಾಕು. ದಿನಾ ಹೊತ್ತುಗಟ್ಟಲೆ ಓಡಿದ್ದಿದ್ರೆ ಗೋಡೆ ಒಳಗಿನ ವೈರೂ ಬೆಂದಿರ್ತಿತ್ತು. ಆಗ ಪೂರ್ತಿ ಎಳೆದು ಬದಲಾಯಿಸ್ಬೇಕು. ಇಲ್ಲಾಂದ್ರೆ ಮೇಲೆ ಹೊಸದು, ಒಳಗೆ ಅದೇ ಬೆಂಕಿ."

"ಸರಿ ಹಾಗಾದ್ರೆ, ಪ್ಲೇಟ್ ಹಾಕಿ ಮುಗಿಸಪ್ಪ," ಎಂದರು ಯಜಮಾನರು. "ಒಳ್ಳೇದಾಯ್ತು ತಂಗಿ, ಆದ ತಕ್ಷಣ ಗೊತ್ತಾಯ್ತು."

ಎಲೆಕ್ಟ್ರಿಷಿಯನ್ ಚೀಲದಿಂದ ಹಾಲುಬಿಳಿ ಪ್ಲೇಟ್ ಒಂದನ್ನು ತೆಗೆದ. ಅಮ್ಮ ಮಗಳ ಕಡೆ ನೋಡಿದಳು. ಸುಮ್ಮನಿರು ಎಂದು ಆ ಕಣ್ಣುಗಳು ಬೇಡುತ್ತಿದ್ದವು. ನಾಳೆ ಬೆಳಗ್ಗೆ ಅಮ್ಮ ಇದೇ ಹೊಸ ಬಿಳಿ ಮುಖಕ್ಕೆ ಪ್ಲಗ್ ಸಿಕ್ಕಿಸುತ್ತಾಳೆ, ಒದ್ದೆ ಕೈಯಲ್ಲಿ, ಇನ್ನು ಭಯವಿಲ್ಲ ಎಂಬ ನಂಬಿಕೆಯಲ್ಲಿ. ಹುಡುಗಿಯ ಕಿವಿಯವರೆಗೂ ಬಿಸಿಯೇರಿತು.

"ದಿನಾ," ಎಂದಳು. ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡಳು. "ಅಣ್ಣ, ಪ್ಲೇಟ್ ಹಾಕಬೇಡಿ. ದಿನಾ ಓಡುತ್ತೆ. ಬೆಳಗ್ಗೆಯಿಂದ ಸಂಜೆ ತನಕ. ಚಳಿಗಾಲದಿಂದಲೂ ಬಿಸಿ ಆಗ್ತಿದೆ."

ಎಲೆಕ್ಟ್ರಿಷಿಯನ್‌ನ ಕೈ ನಿಂತಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ಯಜಮಾನರು ಹೊದಿಕೆಯ ಅಂಚಿನಿಂದ ಇಣುಕುತ್ತಿದ್ದ ಬಿಳಿ ಕೋಟುಗಳ ತೋಳುಗಳನ್ನು ನೋಡಿದರು. ಇಸ್ತ್ರಿ ಪೆಟ್ಟಿಗೆಯನ್ನು ನೋಡಿದರು. ಆಮೇಲೆ, ಇನ್ನೂ ಸುಮ್ಮನಾಗದ ಅಮ್ಮನ ಕೈಯನ್ನು ನೋಡಿದರು.

"ಹಳೇ ವೈರ್ ಪೂರ್ತಿ ಎಳೆದುಬಿಡಪ್ಪ," ಎಂದರು ಕೊನೆಗೆ. "ಇಸ್ತ್ರಿಗೆ ಅಂತ ಬೇರೆ ಲೈನ್ ಹಾಕು, ದೊಡ್ಡ ಪ್ಲಗ್ಗಿಂದು. ಗೋಡೆ ಒಡೀಬೇಕಾದ್ರೆ ಒಡಿ."

"ಅಣ್ಣ, ತಪ್ಪು ನಂದು..." ಅಮ್ಮನ ದನಿ ಒಡೆಯಿತು.

"ತಪ್ಪು ಆಮೇಲೆ ನೋಡೋಣ ತಂಗಿ. ಪ್ರಾಣ ಹೋಗಿದ್ರೆ ಯಾರನ್ನ ಕೇಳೋದಿತ್ತು?" ಅವರು ಕುರ್ಚಿಯಲ್ಲಿ ಕುಸಿದು ಕೂತು ಹುಡುಗಿಯ ಕಡೆ ತಿರುಗಿದರು. ಕೋಪಕ್ಕಿಂತ ನೋವೇ ಹೆಚ್ಚಿತ್ತು ಮುಖದಲ್ಲಿ. "ನೀನಾದ್ರೂ ಓದಿದವಳು ಮಗು. ಮೇಲೆ ಬಂದು ಒಂದು ಮಾತು ಹೇಳೋಕೆ ಏನಾಗಿತ್ತು?"

ಅವಳು ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ತಲೆ ತಗ್ಗಿಸುತ್ತಿದ್ದಳು. ಈ ಸಲ ಅವರ ಮುಖವನ್ನೇ ನೋಡಿದಳು.

"ನಮಗೆ ಬೆಂಕಿಗಿಂತ ನಿಮ್ಮ ಭಯಾನೇ ಜಾಸ್ತಿ ಇತ್ತು, ಅಂಕಲ್."