ಮೇಲಿನ ಕೀಲಿನ ಹಿಂದೆ

ಆ ಮನೆಯಲ್ಲಿ ಎರಡು ಕೀಲು ಕೆಟ್ಟಿದ್ದವು. ಒಂದು ಅಕ್ಕನ ಸೊಂಟದ್ದು, ಇನ್ನೊಂದು ಅವಳು ಮಲಗಿದ್ದ ಕೋಣೆಯ ಬಾಗಿಲಿನದು. ಸೊಂಟಕ್ಕೆ ಡಾಕ್ಟರು ಸ್ಟೀಲು ಹಾಕಿ, ವಾಕರ್ ಹಿಡಿದು ದಿನಕ್ಕೆ ನಾಲ್ಕು ಹೆಜ್ಜೆ ಎಂದು ಚೀಟಿ ಬರೆದಿದ್ದರು. ಬಾಗಿಲಿಗೆ ಡಾಕ್ಟರಿರಲಿಲ್ಲ.

ಎಷ್ಟೇ ಅಗಲ ತೆರೆದಿಟ್ಟರೂ ಅದು ಒಂದು ಗಳಿಗೆ ಯೋಚಿಸಿ, ಮುನಿಸಿಕೊಂಡ ಸೊಸೆಯ ಹಾಗೆ ನಿಧಾನವಾಗಿ ತಿರುಗಿ, ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿಕೊಂಡಿತೆಂದರೆ ಹೊರಗೆ ಹಾಲ್‌ನ ಮಾತು, ನಗು, ಟೀವಿ ಎಲ್ಲ ಗುಜುಗುಜು. ಜೀವನವಿಡೀ ಟೆಲಿಫೋನ್ ಆಫೀಸಿನಲ್ಲಿ ಊರಿನ ಮಾತನ್ನೆಲ್ಲ ಕಿವಿಯಲ್ಲಿಟ್ಟುಕೊಂಡು ಬದುಕಿದ್ದ ಅಕ್ಕನಿಗೆ ಆ ಗುಜುಗುಜು ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು. ಚಪ್ಪಲಿ ಅಡ್ಡ ಇಡಿಸಿದಳು, ಸ್ಟೂಲ್ ಇಡಿಸಿದಳು. ಇಟ್ಟದ್ದು ಸಂಜೆಯೊಳಗೆ ಮಾಯ. "ಗುಡಿಸುವಾಗ ತೆಗೆದೆ ಅತ್ತಿಗೆ," ಎನ್ನುತ್ತಿದ್ದಳು ತಮ್ಮನ ಹೆಂಡತಿ.

"ಮನೆ ಕೂತಿದೆ ಅಕ್ಕಾ," ಎಂದಿದ್ದ ತಮ್ಮ. "ಪಾಯ ಒಂದು ಕಡೆ ಇಳಿದುಬಿಟ್ಟಿದೆ. ನಾನೇನ್ ಮಾಡ್ಲಿ ಹೇಳು?"

"ನಾನು ಮಲಗಿದೀನಿ, ಮನೆ ಕೂತಿದೆ. ನೀನೊಬ್ಬ ನಿಂತಿರಪ್ಪ."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅಕ್ಕನ ಮಂಚದ ತುದಿಗೆ ಕೂತು, ವ್ಯಾಯಾಮ ಹೇಳಿಕೊಡಲು ಬರುವವನ ಮೂಗುದನಿ ತೆಗೆದ: "ಕಾಲೆತ್ತೀ... ಇನ್ನೂ ಎತ್ತೀ... ನನ್ನ ಕಾಲಲ್ಲಮ್ಮಾ, ನಿಮ್ಮ ಕಾಲೂ!" ಈಗ ಹೊಟ್ಟೆ ಹಿಡಿದುಕೊಳ್ಳುವ ಸರದಿ ಅಕ್ಕನದು. ಈ ವಿದ್ಯೆಯನ್ನು ಅವನಿಗೆ ಕಲಿಸಿದವಳೇ ಅವಳು. ಪೋಸ್ಟ್‌ಮ್ಯಾನ್, ಹೆಡ್‌ಮಾಸ್ಟರು, ಬೀದಿಯ ನಾಯಿ, ಯಾರನ್ನೂ ಬಿಟ್ಟವರಲ್ಲ. ಒಂದೇ ಒಂದು ಆಣೆಯಿತ್ತು: ಮನೆಯವರ ದನಿ ತೆಗೆಯಬಾರದು. ಒಮ್ಮೆ ಅಡುಗೆಮನೆಯಲ್ಲಿದ್ದ ಅಮ್ಮ, ಹೊರಗೆ ಮಕ್ಕಳ ಬಾಯಲ್ಲಿ ತನ್ನದೇ ಗೋಳು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವತ್ತು ಇಬ್ಬರೂ ತಲೆ ಮುಟ್ಟಿ ಇಟ್ಟ ಆಣೆ ಅದು.

ಆ ಮಧ್ಯಾಹ್ನ ಅಡುಗೆಮನೆಯ ಕಪಾಟು ರಿಪೇರಿಗೆ ಬಡಗಿ ಬಂದ. ತಮ್ಮ ಅಂಗಡಿಗೆ ಹೋಗಿದ್ದ; ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಅವನ ಹೆಂಡತಿ ಸಾಮಾನು ತರಲು ಹೋಗಿದ್ದಳು. ಅಕ್ಕ ಮಂಚದಿಂದಲೇ ಕೂಗಿದಳು: "ಮೇಸ್ತ್ರೀ, ಹೋಗೋವಾಗ ಈ ಬಾಗಿಲಿಗೂ ಒಂದು ಗತಿ ಕಾಣಿಸಿಯಪ್ಪ. ಮನೆ ಕೂತಿದೆಯಂತೆ."

ಬಡಗಿ ಬಂದವನೇ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಚೌಕಟ್ಟಿನ ಪಕ್ಕ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. "ಯಾರಮ್ಮ ಹೇಳಿದ್ದು? ಗೋಡೆ ನನಗಿಂತ ನೆಟ್ಟಗಿದೆ. ಚೌಕಟ್ಟೂ ಸರಿಯಾಗಿದೆ."

"ಮತ್ತೆ ಅದಕ್ಕೇನು ದೆವ್ವ ಬಡಿದಿದೆಯಾ?"

"ದೆವ್ವ ಸ್ಕ್ರೂ ಬಿಚ್ಚೋದಿಲ್ಲಮ್ಮ. ಮೇಲಿನ ಕೀಲಿನ ಸ್ಕ್ರೂ ನೋಡಿ, ತಲೆ ಮೇಲಿನ ಗೀರು ಹೊಸದು. ಯಾರೋ ಈಚೆಗೆ ಬಿಚ್ಚಿದಾರೆ."

ಬಾಗಿಲಡಿಗೆ ಬೆಣೆ ಕೊಟ್ಟು ಅವನು ಕೀಲನ್ನು ಬಿಚ್ಚಿದ. ಅದರ ಹಿಂದಿನಿಂದ, ಮಡಿಸಿದ ರಟ್ಟಿನ ತುಂಡೊಂದು ನೆಲಕ್ಕೆ ಬಿತ್ತು.

"ನೋಡಿದ್ರಾ? ಮೇಲಿನ ಕೀಲನ್ನು ಇಷ್ಟು ಮುಂದಕ್ಕೆ ತಳ್ಳಿದರೆ ಸಾಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತೆ. ತಪ್ಪಿ ಆಗಿರೋದಲ್ಲ, ಬೇಕಂತಲೇ ಮಾಡಿರೋದು. ಮಾಡಿದವನು ಕೆಲಸ ಬಲ್ಲವನು," ಎಂದು ಮೆಚ್ಚುಗೆಯಿಂದ ರಟ್ಟನ್ನು ಅಕ್ಕನ ಕೈಗೆ ಕೊಟ್ಟ.

ರಟ್ಟಿನ ಮೇಲೆ ಒಂದು ಗಂಟೆಯ ಚಿತ್ರ, ಅರ್ಧಕ್ಕೆ ಕತ್ತರಿಸಿದ್ದು. ಅವಳು ಈ ಮನೆಗೆ ಬಂದ ದಿನ ತಮ್ಮ ತಂದುಕೊಟ್ಟಿದ್ದ ಕರೆಗಂಟೆಯ ಡಬ್ಬಿಯದು ಅದು. "ಒಂದು ಸಲ ಒತ್ತು ಅಕ್ಕಾ, ಎಲ್ಲಿದ್ರೂ ಓಡಿ ಬರ್ತೀನಿ," ಎಂದು ಕೊಟ್ಟದ್ದು. ರಟ್ಟಿನ ಅಂಚನ್ನು ಓರೆಯಾಗಿ, ಒಂದೂ ಎಳೆ ಏಳದಂತೆ ಕತ್ತರಿಸಲಾಗಿತ್ತು. ಅಂಗಡಿಯಲ್ಲಿ ಫೋಟೋದ ಸುತ್ತ ಕೂರಿಸುವ ರಟ್ಟನ್ನು ತಮ್ಮ ಕತ್ತರಿಸುವುದು ಹೀಗೆಯೇ.

ಬಡಗಿ ಕೀಲನ್ನು ಮತ್ತೆ ಕೂರಿಸಿದ. ಬಾಗಿಲು ಬಿಟ್ಟಲ್ಲಿ ನಿಂತಿತು.

"ಮುಚ್ಚಿ ಹೋಗಿ ಮೇಸ್ತ್ರೀ," ಎಂದಳು ಅಕ್ಕ.

"ಇಷ್ಟೊತ್ತು ತೆರೆದು ನಿಲ್ಲಲಿ ಅಂದ್ರಿ?"

"ಇವತ್ತೊಂದು ಸಲ ಮುಚ್ಚಿ."

ಸಂಜೆ ತಮ್ಮ ಟೀ ಹಿಡಿದು ಬಂದ. ಹಾಲ್‌ನಲ್ಲಿ ಅಂಗಡಿಯ ಗೆಳೆಯರಿಬ್ಬರು ಕೂತಿದ್ದರು. ನಿಜ ಹೇಳಲು ಅಕ್ಕ ಅವನಿಗೊಂದು ದಾರಿ ಬಿಟ್ಟು ನೋಡಿದಳು. "ಲೋ, ಈ ಬಾಗಿಲಿಗೆ ನಿಜವಾಗ್ಲೂ ಏನಾಗಿದೆಯೋ?"

"ಎಷ್ಟು ಸಲ ಹೇಳ್ಲಿ ಅಕ್ಕಾ, ಮನೆ ಕೂತಿದೆ!" ಕಣ್ಣು ಕೂಡ ಮಿಟುಕಿಸಲಿಲ್ಲ. ಕಪ್ಪಿಟ್ಟು, ಕೆನ್ನೆ ತಟ್ಟಿ, ಹೊರಗೆ ಹೋಗುತ್ತ ಎಂದಿನಂತೆ ಬಾಗಿಲಿನಿಂದ ಕೈಬಿಟ್ಟ. ತಿರುಗಿ ನೋಡಲಿಲ್ಲ. ತನ್ನ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಬಾಗಿಲು ತೆರೆದೇ ನಿಂತಿತು.

ಸ್ವಲ್ಪ ಹೊತ್ತಿನಲ್ಲೇ ಹಾಲ್‌ನಿಂದ ಅವಳಿಗೆ ಅವಳದೇ ದನಿ ಕೇಳಿಸಿತು.

"ತಮ್ಮಾ... ಟ್ರಿಂಗ್! ದಿಂಬು ಜಾರಿದೆ ಕಣೋ... ಟ್ರಿಂಗ್ ಟ್ರಿಂಗ್! ಬಾಗಿಲು ಮುಚ್ಚಿಕೊಳ್ತು ಕಣೋ, ನನ್ನೊಬ್ಬಳನ್ನೇ ಬಿಟ್ರಲ್ಲೋ..."

ಗೆಳೆಯರು ಕೇಕೆ ಹಾಕಿದರು. "ಗಂಟೆ ಒತ್ತೋದನ್ನ ಇನ್ನೊಂದ್ಸಲ ಮಾಡ್ರೀ," ಎಂದಳು ಅವನ ಹೆಂಡತಿ, ನಗುವಿನಲ್ಲಿ ಉಸಿರು ಸಿಕ್ಕಿಕೊಂಡು. ಅಂದರೆ ಇದು ಮೊದಲ ಸಲವಲ್ಲ. ಅವನು ಇನ್ನೊಂದು ಸಲ ಮಾಡಿದ. ಕೊನೆಯಲ್ಲಿ ಆ ಸಣ್ಣ ನಡುಕ, ಅಮ್ಮನದೂ ಹೌದು ಅವಳದೂ ಹೌದು, ಅದನ್ನೂ ಬಿಡದೆ ಹಿಡಿದಿದ್ದ. ಚೆನ್ನಾಗಿತ್ತು. ಹಾಳಾದದ್ದು, ಬಹಳ ಚೆನ್ನಾಗಿತ್ತು.

ಅವನ ದನಿ ಅವಳ ಗಂಟಲಿಗೂ ಬಂದಿತ್ತು. "ಮನೆ ಕೂತಿದೆ ಅಕ್ಕಾ" ಎಂದು ಅವನ ಹಾಗೇ ಒಂದು ಕೂಗು ಹಾಕಿದ್ದರೆ ಹಾಲ್‌ನಲ್ಲಿ ಕೂತವರೆಲ್ಲ ತಣ್ಣಗಾಗುತ್ತಿದ್ದರು. ಅವಳು ಅದನ್ನು ನುಂಗಿಕೊಂಡಳು. ಆಣೆ ಇಬ್ಬರಲ್ಲಿ ಒಬ್ಬರ ಪಾಲಿಗಾದರೂ ಉಳಿದಿತ್ತಲ್ಲ.

ವಾಕರ್ ಎಳೆದುಕೊಂಡಳು. ಮಂಚದಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಡಾಕ್ಟರ ಚೀಟಿಗಿಂತ ಐದು ಹೆಚ್ಚು. ಮೂರನೆಯ ಹೆಜ್ಜೆಗೆ ವಾಕರಿನ ಸದ್ದು ಕೇಳಿ ನಗು ನಿಂತಿತು. ಆರನೆಯದಕ್ಕೆ ತಮ್ಮ ಎದ್ದು ಬಂದ. ತೆರೆದ ಬಾಗಿಲನ್ನು ನೋಡಿದ, ಮೇಲಿನ ಕೀಲನ್ನು ನೋಡಿದ.

"ಅಕ್ಕಾ... ಸುಮ್ನೆ ತಮಾಷೆಗೆ..." ಅದು ಯಾರ ದನಿಯೂ ಆಗಿರಲಿಲ್ಲ, ಅವನದೂ ಸಹ.

"ಹಿಡಿ," ಎಂದು ಅವಳು ರಟ್ಟಿನ ತುಂಡನ್ನು ಅವನ ಅಂಗೈಗೆ ಇಟ್ಟಳು. "ನಿನ್ನದು ಬಿದ್ದೋಗಿತ್ತು."

"ನಾನು ಮುಚ್ತೀನಿ ಇರು, ನೀನು ಹೋಗಿ ಮಲ್ಕೋ. ಬೀಳ್ತೀಯ."

"ಬೇಡ. ಇನ್ಮೇಲೆ ಇದು ತಾನಾಗಿ ಮುಚ್ಚಿಕೊಳ್ಳಲ್ಲ ಕಣೋ."

ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಿಂದ ಅವನ ಮುಖದ ಮೇಲೆ ಅವಳೇ ಬಾಗಿಲು ತಳ್ಳಿದಳು.