ಚಾದರ ಮಡಚುವ ಜೋಡಿ

ಹೋಟೆಲಿನ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ದೊಡ್ಡ ಚಾದರಗಳನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು, ಒಮ್ಮೆ ಜಗ್ಗಿ, ಅರ್ಧಕ್ಕೆ ಮಡಚಿ, ಹತ್ತಿರ ಬಂದು ಒಬ್ಬರ ತುದಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಜೋಡಿ ಹೊಂದದಿದ್ದರೆ ಸುಕ್ಕು ಬೀಳುತ್ತದೆ, ಜೊತೆಗೆ ಮೇಲ್ವಿಚಾರಕಿಯಿಂದ ಮಂಗಳಾರತಿ. ಅಲ್ಲಿ ಮಡಚುವ ಕೆಲಸಕ್ಕಿದ್ದ ಅವಳ ಮತ್ತು ಮೌನಿಯ ಜೋಡಿಯಲ್ಲಿ ಸುಕ್ಕೆಂಬುದೇ ಇರಲಿಲ್ಲ. ಅವಳು ಕೈ ಎತ್ತುವ ಮೊದಲೇ ಅವನ ಕೈ ಎದ್ದಿರುತ್ತಿತ್ತು. ಪ್ರೀತಿ ಹುಟ್ಟಿದ್ದೇ ಹಾಗೆ. ಕೈಗಳು ಇಷ್ಟು ಹೊಂದುವಾಗ ಮನಸ್ಸು ಹೊಂದದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡಳು. ಚಾದರ ಮಡಚುವವರನ್ನು ಬಿಟ್ಟು ಬೇರೆ ಯಾರಿಗೂ ಇಂಥ ಬುದ್ಧಿ ಹೊಳೆಯಲಿಕ್ಕಿಲ್ಲ.

ಮೌನಿ ಎಂಬ ಹೆಸರು ಅವಳ ಅಕ್ಕ ಇಟ್ಟಿದ್ದು. ಸಿಟ್ಟು ಬಂದರೆ ಅವನು ಬೈಯುವವನಲ್ಲ, ಬಾಯಿಗೆ ಬೀಗ ಹಾಕಿಕೊಳ್ಳುವವನು. ಏನು ತಪ್ಪಾಯಿತೆಂದು ಕೇಳಿದರೆ ಗೋಡೆ ನೋಡುತ್ತಾನೆ. ಆ ಬೀಗದ ಮುಂದೆ ಅತ್ತು, ಗೋಗರೆದು, ಸಾಕಾಗಿ ಅವಳು ಒಮ್ಮೆ ಅವನ ಜೊತೆಗಿನ ಸಂಸಾರ ಬಿಟ್ಟು ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದಿದ್ದಳು. ಅವನೂ ಬೇರೆ ಪಾಳಿಗೆ ಹೋದ. ಕೆಲವು ವರ್ಷಗಳ ಮೇಲೆ ಪಾಳಿ ಬದಲಾಗಿ ಮತ್ತೆ ಅವಳೆದುರೇ ಬಂದು ನಿಂತ. ಚಾದರ ಎತ್ತಿದರೆ ಕೈಗಳು ಅದೇ ಕೈಗಳು. ಚಹಾದ ಹೊತ್ತಿನಲ್ಲಿ ತಾನಾಗಿ ನಾಲ್ಕು ಮಾತಾಡಿದ, ಮನೆಗೆ ಬಾ ಎಂದ. ಅಷ್ಟಕ್ಕೇ ಇವಳು ಕರಗಿ ನೀರಾದಳು.

ಅಕ್ಕ ತಲೆ ಚಚ್ಚಿಕೊಂಡಳು. ಹೋಗುವುದಾದರೆ ಕೋಣೆ ಖಾಲಿ ಇಟ್ಟುಕೊಂಡು ಕೂರಲಾಗದು, ತನ್ನ ಅತ್ತೆಗೆ ಒಬ್ಬರೇ ಇರಲಾಗುತ್ತಿಲ್ಲ, ಅವರನ್ನು ಕರೆತರುತ್ತೇವೆ ಎಂದು ಮೊದಲೇ ಹೇಳಿದಳು. ಧಾರಾಳವಾಗಿ ಕರೆತನ್ನಿ ಎಂದು ಇವಳು ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಅವನು ಜಿರಳೆ ಕಂಡು ಕುರ್ಚಿ ಹತ್ತಿದ ಕಥೆಯನ್ನು ಅವಳು ಜೊತೆಯವರಿಗೆ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕಂತೆ ಕಂಡಿತು. ಮನೆಗೆ ಬಂದ ಮೇಲೆ ಬೀಗ ಬಿತ್ತು.

ಬಡಿಸಿದ್ದನ್ನು ಉಂಡ, ತಟ್ಟೆ ತೊಳೆದಿಟ್ಟ, ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಕ್ಷಮೆ ಕೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೀಗೇ ದಿನಗಳು ಹೋದವು. ಕೆಲಸದಲ್ಲಿ ಮಾತ್ರ ಅವನ ಕೈ ಎಳ್ಳಷ್ಟೂ ತಪ್ಪಲಿಲ್ಲ. ನಿಮ್ಮಂಥ ಜೋಡಿ ಎಲ್ಲೂ ನೋಡಿಲ್ಲ ಎಂದು ಪಕ್ಕದ ಮೇಜಿನ ಹೆಂಗಸು ಹೊಗಳಿದಾಗ ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಅಳುವುದಕ್ಕೂ ತ್ರಾಣ ಬೇಕಲ್ಲ.

ಒಂದು ಸಂಜೆ ಒಲೆ ಆರಿಸಿ ಅವನೆದುರು ಕೂತಳು.

"ಬದಲಾಗಿದ್ದೀನಿ ಅಂತ ನಂಬಿಸಿ ಕರ್ಕೊಂಡು ಬಂದ್ಯಲ್ಲ, ಇದೇನಾ?"

ಅಂತೂ ಅವನು ಬಾಯಿ ಬಿಟ್ಟ. "ನಾನ್ಯಾವಾಗ ಹಾಗಂದೆ? ಬಾ ಅಂದೆ, ನೀನು ಬಂದೆ."

ಅವಳು ನೆನಪನ್ನೆಲ್ಲ ತಡಕಿದಳು. ನಿಜವೇ. ಅವತ್ತು ಚಹಾ ಕುಡಿಯುತ್ತ ಅವನು ಹೊಸ ಯಂತ್ರದ ಸದ್ದಿನ ಬಗ್ಗೆ, ಬಸ್ಸಿನ ರಶ್ಶಿನ ಬಗ್ಗೆ ಮಾತಾಡಿದ್ದ. ಉಳಿದದ್ದನ್ನೆಲ್ಲ ಇವಳೇ ಸೇರಿಸಿಕೊಂಡಿದ್ದಳು. ಹೋದ ಸಲ ಅವನನ್ನು ಮನಸಾರೆ ಬೈದು ಹಗುರಾಗಿದ್ದಳು. ಈ ಸಲ ಬೈಯೋಣವೆಂದರೆ ಬೈಗುಳವೆಲ್ಲ ತನ್ನ ಕಡೆಗೇ ತಿರುಗುತ್ತಿತ್ತು. ಯಾಕಾದರೂ ಬಂದೆನೋ ಎಂದು ಕೂತಲ್ಲೇ ಕೂತಿದ್ದಳು.

ಬೆಳಿಗ್ಗೆ ಪಾಳಿಗೆ ಮುಂಚೆ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಹಾಲ್‌ನಲ್ಲಿ ಒಂದು ಚಾಪೆ ಹಾಕ್ಕೊಳ್ಳೋಷ್ಟು ಜಾಗ ಇದ್ಯಾ?"

ಅಕ್ಕ ಜನ್ಮ ಜಾಲಾಡುತ್ತಾಳೆಂದು ಕಾದಳು. ಜಾಲಾಡಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಕ್ಕ ಒಂದೇ ಮಾತು ಕೇಳಿದಳು.

"ಎಷ್ಟು ದಿನಕ್ಕೆ?"